ಐದು ಗಂಟೆಯ ಟೀಚರ್

"ಈ ಲೆಕ್ಕ ಹೇಳಿಕೊಟ್ಟವರು ಯಾರು?"

ಶಾಲೆಯ ಮೇಡಂ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟರು. ನೂರಕ್ಕೆ ಇಪ್ಪತ್ತೆರಡು. ಹೊಲಿಗೆಯವಳು ಅಂಕ ನೋಡಲಿಲ್ಲ, ಮಗಳ ಮುಖ ನೋಡಿದಳು. ಅಂಗಿಯ ಗುಂಡಿಯ ಹಾಗೆ ಪುಟ್ಟಗೆ ದುಂಡಗೆ ಇದ್ದಾಳೆಂದು ಅಪ್ಪ ಅಮ್ಮ ಅವಳನ್ನು ಗುಂಡಿ ಎಂದೇ ಕರೆಯುವುದು. ಐದನೇ ತರಗತಿ. ಗೋಡೆಯ ಭೂಪಟದಲ್ಲಿ ಕಳೆದುಹೋದ ಏನನ್ನೋ ಹುಡುಕುವವಳಂತೆ ನಿಂತಿದ್ದಳು.

ಉತ್ತರಗಳೇನೋ ಬಹಳಷ್ಟು ಸರಿಯಿದ್ದವು. ದಾರಿ ತಪ್ಪಿತ್ತು. ಹೊಸ ಪುಸ್ತಕದಲ್ಲಿ ಚಿತ್ರ ಬರೆದು, ಭಾಗ ಮಾಡಿ, ಹಂತ ಹಂತವಾಗಿ ಬಿಡಿಸಬೇಕು, ಅಂಕವೆಲ್ಲ ಹಂತಕ್ಕೇ. ಈ ಮಗು ಬರೆದದ್ದು ಹಳೆಯ ಪುಸ್ತಕದ ಲೆಕ್ಕ, ಆ ಪುಸ್ತಕ ಹೋಗಿ ನಾಲ್ಕು ವರ್ಷವಾಯಿತು ಎಂದರು ಮೇಡಂ. ಕೊನೆಯ ಪರೀಕ್ಷೆಗೆ ಇನ್ನು ಎರಡೇ ತಿಂಗಳು. ಹೀಗೇ ಆದರೆ ಮುಂದಿನ ವರ್ಷವೂ ಇದೇ ಬೆಂಚು. ಮೊದಲೇ ಹೇಳೋಣವೆಂದರೆ ಸಂಜೆ ಐದರಿಂದ ಆರರವರೆಗೆ ಗಂಡ ಹೆಂಡಿರಿಬ್ಬರ ಫೋನೂ ಬ್ಯುಸಿ ಎಂದು ಬೇಸರಪಟ್ಟುಕೊಂಡರು.

"ಫೋನಲ್ಲಿ ಪಾಠ ಹೇಳೋ ಟೀಚರ್ ಒಬ್ಬರಿದ್ದಾರೆ," ಎಂದಳು ಹೊಲಿಗೆಯವಳು. "ನಮ್ಮ ಬೋರ್ಡಲ್ಲೇ ಮೂವತ್ತೈದು ವರ್ಷ ಮಾಡಿದವರು."

"ಮಾಡಿದವರು ಬೇಡಮ್ಮ. ಈಗ ಮಾಡ್ತಿರೋರು ಬೇಕು. ಬೇಗ ಬದಲಾಯಿಸಿ."

ಬದಲಾಯಿಸಿ ಎನ್ನುವುದು ಸುಲಭ. ಒಂದು ವಾರ ಹೊಲಿಗೆಯವಳು ಮಿಷನ್ನಿನ ಪಕ್ಕದಲ್ಲೇ ಫೋನು ಇಟ್ಟುಕೊಂಡು ಹುಡುಕಿದಳು. ಮೊದಲನೆಯವನು ಬೇರೆ ಬೋರ್ಡಿನವನು. ಅವನ ಐದನೇ ತರಗತಿಯ ಪಾಠ ಇವರ ಏಳನೆಯದರಲ್ಲಿತ್ತು. ಎರಡನೆಯವಳು ಯಾವ ಬೋರ್ಡಾದರೂ ಸೈ ಎಂದಳು. ಎಲ್ಲ ಬೀಗಕ್ಕೂ ಆಗುವ ಕೀಲಿ ಕಳ್ಳನ ಹತ್ತಿರ ಮಾತ್ರ ಇರುತ್ತದೆ ಎಂದು ಗಂಡ ನಕ್ಕ. ಮೂರನೆಯವನು ಭಿನ್ನರಾಶಿಯನ್ನು ಮಗು ಎಂದೂ ಕೇಳದ ಹೆಸರಿನಿಂದ ಕರೆದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ನಾಲ್ಕನೆಯ ಮೇಷ್ಟ್ರು ಸಿಕ್ಕಿದರು. ಹೊಸ ಪುಸ್ತಕ ಅವರಿಗೆ ಬಾಯಿಪಾಠ. ಹತ್ತು ನಿಮಿಷದಲ್ಲಿ ಗುಂಡಿ ಒಂದು ಭಿನ್ನರಾಶಿಯ ಚಿತ್ರ ಬರೆದಳು, ನಕ್ಕಳು ಕೂಡ. ಆದರೆ ಮೇಷ್ಟ್ರಿಗೆ ಬಿಡುವಿದ್ದದ್ದು ಒಂದೇ ಹೊತ್ತು, ಐದರಿಂದ ಆರು. ಮಿಕ್ಕ ಹೊತ್ತೆಲ್ಲ ಪರೀಕ್ಷೆ ಮುಗಿಯುವವರೆಗೆ ಭರ್ತಿ.

ಹಳೆಯ ಟೀಚರ್ ಹೊತ್ತು ಬದಲಿಸುವಂತಿರಲಿಲ್ಲ. ನಾಲ್ಕಕ್ಕೆ ಅವರಿಗೆ ನಿದ್ದೆ; ಆರು ದಾಟಿದರೆ ಯಾರ ಮಾತೂ ಹಿಡಿಸುವುದಿಲ್ಲ. ಶಾಲೆಗಳೆಲ್ಲ ಮುಚ್ಚಿದ್ದ ಕಾಲದಲ್ಲಿ, ಕೆಲಸದ ಕೊನೆಯ ವರ್ಷ, ಫೋನಿನಲ್ಲೇ ಪಾಠ ಮಾಡಿ ರೂಢಿಯಾದವರು. ಎದುರಿಗೆ ಬಂದು ಕೂತ ಮಕ್ಕಳು ಈಗ ಅವರಿಗೆ ಆಗುವುದಿಲ್ಲ.

ಗಡಿಯಾರ ರಿಪೇರಿಯ ಗಂಡ ದಿನವೂ ಐದಕ್ಕೆ ಮುಂಚೆ ಅಂಗಡಿಯಿಂದ ಓಡಿ ಬಂದು ತನ್ನ ಫೋನನ್ನು ಮಗಳಿಗೆ ಕೊಟ್ಟು ಹೋಗುತ್ತಿದ್ದ. ಒಂದು ದಿನವೂ ಗೊಣಗಿದವನಲ್ಲ. ಈ ಸಲ ಬಾಗಿಲಲ್ಲೇ ನಿಂತ.

"ಮಗೂದು ಒಂದು ವರ್ಷ ಹೋಗತ್ತೆ ಕಣೇ."

"ಅವರಿಗೆ ಇರೋದೇ ಆ ಒಂದು ಗಂಟೆ."

"ಗೊತ್ತು. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ."

ಅವಳು ಅರ್ಧ ಹೊಲಿದ ತೋಳನ್ನು ಬಿಚ್ಚಿ ಮತ್ತೆ ಹೊಲಿದಳು. ಹೊಟ್ಟೆಯ ಹಸಿವು ಒಂದು ಹೊತ್ತು ಕಾದೀತು. ಮಗುವಿನ ವರ್ಷ ಕಾಯುವುದಿಲ್ಲ. ಸಂಜೆ ಹೊಸ ಮೇಷ್ಟ್ರಿಗೆ, ನಾಳಿದ್ದಿನಿಂದ ಬರುತ್ತಾಳೆ ಎಂದು ಹೇಳಿದಳು.

ಕೊನೆಯ ದಿನ ಗುಂಡಿ ಕೂದಲು ಬಾಚಿಸಿಕೊಂಡು ಕೂತಳು. ಕಿವಿಗೆ ವೈರು ಸಿಕ್ಕಿಸಿಕೊಂಡಳು. ಸಿಕ್ಕಿಸದಿದ್ದರೆ ಫೋನು ಕೀರಲು ದನಿಯಲ್ಲಿ ಕೂಗಿಕೊಳ್ಳುತ್ತಿತ್ತು. ಟೀಚರ್ ಎಂದಿನಂತೆ ಮೊದಲು ಹಾಜರಿ ಕರೆದರು. ಒಂದರಿಂದ ಆರರವರೆಗೆ ಯಾರೂ ಓಗೊಡಲಿಲ್ಲ. ಏಳಕ್ಕೆ ಗುಂಡಿ ಬಂದಿದ್ದೀನಿ ಎಂದಳು. ಎಂಟರಿಂದ ಮೂವತ್ತರವರೆಗೆ ಮತ್ತೆ ಯಾರೂ ಇಲ್ಲ. ಟೀಚರ್ ಒಂದೊಂದು ನಂಬರಿಗೂ ಸ್ವಲ್ಪ ಕಾದು ಮುಂದಕ್ಕೆ ಹೋದರು. ಆಮೇಲೆ ಹಳೆಯ ಪುಸ್ತಕದ ಲೆಕ್ಕ. ಗುಂಡಿ ಅದನ್ನೂ ತಪ್ಪಿಲ್ಲದೆ ಮಾಡಿದಳು. ಮಾಡಿ ಮುಗಿಸಿ, ಅಮ್ಮ ಹೇಳಿಕೊಟ್ಟಿದ್ದನ್ನು ಒಪ್ಪಿಸಿದಳು.

"ಟೀಚರ್, ನಾಳೆಯಿಂದ ನಾನು ಬರಲ್ಲ."



"ಯಾಕೆ, ನಾನು ಬೈದೆನಾ?"

"ಇಲ್ಲ ಟೀಚರ್. ಬೇರೆ ಕಡೆ ಸೇರ್ತಿದೀನಿ."

"ನಿಮ್ಮಮ್ಮನ್ನ ಕಳಿಸು. ಮಾತಾಡಬೇಕು."

ಗುಂಡಿ ತಲೆಯೆತ್ತಿ ಅಮ್ಮನನ್ನು ನೋಡಿದಳು. ಹೊಲಿಗೆಯವಳು ಎದ್ದಳು. ಮಗಳ ಕೈಯ ಫೋನು ತೆಗೆದುಕೊಳ್ಳಲಿಲ್ಲ. ನಡುಮನೆ ದಾಟಿ ಹೋಗಿ ಹಿಂದಿನ ಕೋಣೆಯ ಬಾಗಿಲು ತಳ್ಳಿದಳು. ಮಂಚದ ಮೇಲೆ ಮೂರು ದಿಂಬಿಗೆ ಒರಗಿ, ಹೊಲಿಗೆಯವಳ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮುದುಕಿಯೊಬ್ಬಳು ಕೂತಿದ್ದಳು. ಬಂದವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏಳನೇ ನಂಬರಿನ ತಾಯಿಯೇನಮ್ಮ? ಹುಡುಗಿ ನಿಧಾನ, ಆದರೆ ಒಳ್ಳೇ ಮಗು. ಬಿಡಿಸಬೇಡಿ. ನನ್ನ ತರಗತಿಗೆ ಈಗ ಬರೋದು ಅವಳೊಬ್ಬಳೇ."

"ಕಳಿಸ್ತೀನಿ ಟೀಚರ್," ಎಂದು ಹೊಲಿಗೆಯವಳು ಸುಳ್ಳು ಹೇಳಿದಳು.

ಹೆತ್ತವಳನ್ನು ಅವಳು ಅಮ್ಮ ಎಂದು ಕರೆದು ಎರಡು ವರ್ಷವಾಗಿತ್ತು. ಕರೆದರೆ, ಯಾರೋ ಹೊರಗಿನವಳು ಬಂದಳೆಂದು ಮುದುಕಿ ಹೆದರಿ ಅಳುತ್ತಿದ್ದಳು.