ಎಡದಿಂದ ಎರಡನೆಯದು

ಹಸಿರು ಬಟನ್‌ಗೆ ಐಡಿ, ಅಂದರೆ ಕೋಡ್‌ನಲ್ಲಿ ಗುರುತಿನ ಹೆಸರು, ಇರಲಿಲ್ಲ. ಆಫೀಸಿನ ಹೊಸ ರಜೆ ಆ್ಯಪ್‌ನಲ್ಲಿ ಅದನ್ನು ಒತ್ತಿದರೆ ರಜೆ ಮಂಜೂರು. ಅದರ ಎಡಪಕ್ಕದ ಕೆಂಪು ಬಟನ್ ಒತ್ತಿದರೆ ರಿಜೆಕ್ಟ್. ಮನುಷ್ಯರಿಗೆ ಬಣ್ಣ ಸಾಕು. ತಾನಾಗಿಯೇ ಬಟನ್ ಒತ್ತಿ ಆ್ಯಪ್ ಪರೀಕ್ಷಿಸುವ ನಫೀಸಾಳ ಟೆಸ್ಟಿಂಗ್ ಸ್ಕ್ರಿಪ್ಟ್‌ಗೆ ಬಟನ್ ಹುಡುಕಲು ಐಡಿ ಬೇಕು.

“ಒಂದು ಐಡಿ ಹಾಕಿಕೊಡೋ ವಾದಿ.”

“ಎಡದಿಂದ ಎರಡನೇದು ಒತ್ತು ಅಂತ ಬರ್ಕೋ,” ಎಂದ ಆ್ಯಪ್ ಬರೆದ ವಾದಿರಾಜ. “ಎರಡರವರೆಗೆ ಎಣಿಸೋಕೆ ಬರುತ್ತಲ್ವಾ?”

“ನಾಳೆ ನೀನು ಬಟನ್ ಸರಿಸಿದ್ರೆ?”

“ಅಳ್ತಾ ಬಾ, ಆಗ ಹಾಕ್ತೀನಿ.”

ಅವಳು ಹಾಗೇ ಬರೆದಳು.

ಮರುದಿನ ಆ್ಯಪ್ ಶುರುವಾಯಿತು. ಬಾಸ್ ಎಲ್ಲರ ರಜೆಗೂ ಒಪ್ಪಿದ್ದರು. ಬಟನ್ ಒತ್ತುವ ಕೆಲಸವನ್ನು ಸ್ಕ್ರಿಪ್ಟಿಗೆ ಬಿಟ್ಟರು.

“ಮೊದಲು ನಂದು ಹಾಕು. ಹೆಂಡತಿ ಆಗಲೇ ಬ್ಯಾಗ್ ತುಂಬಿಟ್ಟಿದ್ದಾಳೆ,” ಎಂದ ವಾದಿರಾಜ.

ಸ್ಕ್ರಿಪ್ಟ್ ಓಡಿತು. ಪರದೆಯಲ್ಲಿ ‘ರಿಜೆಕ್ಟ್’ ಎಂದು ಬಂತು.

“ಏನು ಮಾಡಿದೆ ಮಾರಾಯ್ತಿ?”

“ಎಡದಿಂದ ಎರಡನೇದನ್ನೇ ಒತ್ತಿದೆ. ನೀನು ಏನಾದ್ರೂ ಸೇರಿಸಿದ್ಯಾ?”

“ಬೆಳಿಗ್ಗೆ ಎಡತುದಿಗೆ ಒಂದು ಪ್ರಿಂಟ್ ಬಟನ್ ಹಾಕಿದೆ,” ಎಂದ ಮೆಲ್ಲಗೆ.

“ಈಗ ಅಳ್ತಾ ಬರೋದು ಯಾರು?”

ಒಮ್ಮೆ ರಿಜೆಕ್ಟ್ ಆದ ದಿನಗಳ ರಜೆಯನ್ನು ಬಾಸ್‌ಗೂ ಮತ್ತೆ ಮಂಜೂರು ಮಾಡಲಾಗದಂತೆ ಆ್ಯಪ್ ಬರೆದವನೂ ಅವನೇ. ಹನಿಮೂನಿನ ಒಂಬತ್ತು ದಿನ ಹೋಯಿತು.