ಅಥೆನ್ಸಿನಲ್ಲಿ ಹಿಡಿದ ಕೈ

“ವೈನಿ, ಇವತ್ತೊಂದ ದಿನ ಅಡಿಗಿಮನಿ ಬಿಟ್ಟು ಹೊರಗ ಬರಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ,” ಎಂದು ಗುರುನಾಥ ಕೈ ಮುಗಿದೇಬಿಟ್ಟ.

ಸರಸ್ವತಿಬಾಯಿ ಹೋಳಿಗೆಗೆ ಹೂರಣ ಅರೆಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಮೈದುನ ಗುರುನಾಥನ ಮಗಳು ಸಾನಿಕಾಳನ್ನು ನೋಡಲು ಎಕಂಬಾದಿಂದ ಗಂಡಿನವರು ಭಾಲ್ಕಿಯ ಆ ಮನೆಗೆ ಬಂದಿದ್ದರು. ತಾಯಿಯಿಲ್ಲದ ಆ ಹುಡುಗಿಗೆ ಎಣ್ಣೆ ಹಚ್ಚಿ, ಜಡೆ ಹಾಕಿ ಬೆಳೆಸಿದವಳು ಇವಳು. ಈಗ ಇವಳು ಮಾಡಿದ ಹೋಳಿಗೆ ಹೊರಗೆ ಹೋಗಬಹುದಂತೆ, ಇವಳು ಮಾತ್ರ ಹೋಗಬಾರದಂತೆ! ಯಾತಕ್ಕೆ? ಹೋದ ತಿಂಗಳು ಅಥೆನ್ಸಿನ ಬೀದಿಯಲ್ಲಿ ಕುಣಿದದ್ದಕ್ಕೆ. ಇವಳೂ ಗೆಳತಿ ಶಾಕಿರಾ ಬೇಗಮ್ಮಳೂ ಜನವಾಡದ ಶಾಲೆಯಲ್ಲಿ ಗ್ರೀಸಿನ ಪಾಠ ಹೇಳಿ ಹೇಳಿ ನಿವೃತ್ತರಾದವರು. ಸಾಯುವ ಮೊದಲು ಒಮ್ಮೆ ಕಣ್ಣಾರೆ ನೋಡಿಬಿಡೋಣ ಎಂದು ಹೊರಟಿದ್ದರು. ಬೇಗಮ್ಮಳು ಖುಷಿ ತಡೆಯಲಾರದೆ ಗೆಳತಿಯ ಕುಣಿತವನ್ನು ಸ್ಟೇಟಸ್‌ಗೆ ಹಾಕಿದ್ದಳು. ಎಕಂಬಾ ಇರುವ ಔರಾದ ತಾಲೂಕಿನ ತನಕ ಸುದ್ದಿ ಮುಟ್ಟಲು ಇನ್ನೇನು ಬೇಕು?

“ಒಡದ ಗೋಡಿ ನೋಡಬೇಕಿದ್ರ ಬೀದರ ಕಿಲ್ಲಾದಾಗ ಬೇಕಾದಷ್ಟು ಇದ್ದುವಲ್ರಿ,” ಗುರುನಾಥ ಬಿಡಲಿಲ್ಲ. “ಹೋಗ್ಲಿ, ಹೋದ್ರಿ. ನೋಡಿ ಸುಮ್ನ ಬರಬೇಕಿಲ್ಲೇನು? ಕತ್ತಲಾದ ಮ್ಯಾಲ, ನಡುಬೀದ್ಯಾಗ, ಗಂಡ ಸತ್ತಾಕಿ ಕುಣಿದ್ಲು ಅಂದ್ರ ಯಾರು ಒಪ್ತಾರ? ಎಕಂಬಾದವರು ಎದ್ದು ಹೋದ್ರ ಸಾನಿಕಾನ ಗತಿ ಏನು?”

ತನ್ನ ಮಾತಾಗಿದ್ದರೆ ಸರಸ್ವತಿಬಾಯಿ ಅವನ ನೀರಿಳಿಸಿಬಿಡುತ್ತಿದ್ದಳು. ಸಾನಿಕಾಳ ಹೆಸರು ಬಂದೊಡನೆ ಅರೆಯುವುದನ್ನು ನಿಲ್ಲಿಸಿದಳು. ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಕಡೆ ತಿರುಗಿದಳು. “ನೀ ಹೇಳವ್ವ. ನೀ ಬ್ಯಾಡ ಅಂದ್ರ ಒಳಗ ಕೂಡ್ತೇನಿ.”

“ನೀ ಒಳಗ ಕುಂತ್ರ ನಾನೂ ಹೊರಗ ಬರಂಗಿಲ್ಲ, ದೊಡ್ಡವ್ವ. ನಿನ್ನ ಮಾರಿ ನೋಡಲಾರದವರ ಮನಿಗಿ ನಾ ಯಾಕ ಹೋಗ್ಲಿ?”

ಸರಸ್ವತಿಬಾಯಿ ಎದ್ದು ಕೈ ತೊಳೆದುಕೊಂಡಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಇಂದಲ್ಲ ನಾಳೆ ಆ ಜನಕ್ಕೆ ಎದುರಾಗಲೇಬೇಕು. ಸಾನಿಕಾಳ ಕೈ ಹಿಡಿದು ಸೀದಾ ಅಂಗಳಕ್ಕೆ ನಡೆದಳು.

ದಸರೆಯ ದಿನಗಳು. ಅಂಗಳದಲ್ಲಿ ಓಣಿಯ ಹೆಂಗಸರು ಸುತ್ತುಗಟ್ಟಿ ಚಪ್ಪಾಳೆ ತಟ್ಟುತ್ತ ಬುಲಾಯಿ ಪದ ಹಾಡಿ ಕುಣಿಯುತ್ತಿದ್ದರು. ಈ ಎರಡೂ ಮನೆತನಗಳಲ್ಲಿ ಗಂಡನಿಲ್ಲದವರು ಆ ಸುತ್ತಿನೊಳಗೆ ಕಾಲಿಡುವ ರೂಢಿಯಿಲ್ಲ. ಗೋಡೆಗೆ ಆತು ನೋಡಬೇಕು, ಅಷ್ಟೆ. ವರನ ಅಜ್ಜಿ ಚಂದ್ರಭಾಗಾಬಾಯಿಯೂ ತಲೆತುಂಬ ಸೆರಗು ಹೊದ್ದು ಗೋಡೆಯ ಬುಡದಲ್ಲಿ ಕೂತಿದ್ದಳು. ಎಕಂಬಾದ ಆ ಮನೆಯಲ್ಲಿ ಅವಳು ಗೆರೆ ಎಳೆದರೆ ಯಾರೂ ದಾಟುತ್ತಿರಲಿಲ್ಲ. ಸರಸ್ವತಿಬಾಯಿಯನ್ನು ಕಂಡೊಡನೆ ಹಾಡು ತಡವರಿಸಿ ನಿಂತುಹೋಯಿತು.

“ಆ ವಿಡಿಯೊದಾಗ ಕುಣಿದಾಕಿ ನೀವೇ ಏನ್ರಿ?” ಮುದುಕಿ ಕೇಳಿಯೇಬಿಟ್ಟಳು.

“ಅಲ್ರಿ ಆಯಿ, ಅದು ಯಾರೋ...” ಗುರುನಾಥ ನಡುವೆ ಬಾಯಿ ಹಾಕಿದ.

“ನಾನೇ ರಿ,” ಎಂದಳು ಸರಸ್ವತಿಬಾಯಿ. “ಮೊದಲನೇ ಸುತ್ತು ಹೆಜ್ಜಿ ತಪ್ಪಿತ್ತು, ಎರಡನೇದಕ್ಕ ಕೂಡಿತು.”

“ನಿಮ್ಮ ಕೈ ಹಿಡಿದಿದ್ಲಲ್ಲ, ಆ ಕರೀ ಬಟ್ಟಿ ಮುದುಕಿ ಯಾರು?”

“ಆಕಿ ಹೆಸರು ಸುದ್ದಾ ನನಗ ಗೊತ್ತಿಲ್ಲ ರಿ. ಅಲ್ಲಿ ಗಂಡ ಹೋದ ಮುದುಕ್ಯಾರು ಕರೀ ಬಟ್ಟಿ ಉಡ್ತಾರಂತ. ಆಕೀನೂ ನಮ್ಹಂಗ. ಗುಡ್ಡದ ಮ್ಯಾಲ ಅವರ ದೇವಿಯ ಒಡದ ಗುಡಿ, ಕೆಳಗ ಬೀದಿತುಂಬ ದೀಪ, ಬಾಜಾ, ಜನ. ನಾ ನಿಮ್ಹಂಗ ಗೋಡಿಗಿ ಆತು ನಿಂತಿದ್ದೆ. ಬಂದಾಕಿ ನನ್ನ ಹಣಿ ನೋಡಲಿಲ್ಲ ರಿ, ಕೈ ಹಿಡದು ಎಳದ್ಲು.”

“ನಾಚಿಕಿ ಬರಲಿಲ್ಲ?”

“ಬಂತ್ರಿ. ಇಷ್ಟು ವರ್ಷ ಗೋಡಿಗಿ ನಿಂತಿದ್ದೆನಲ್ಲ ಅಂತ ಬಂತು.”

ಮುದುಕಿಯ ಮೋರೆಯೋ, ಗಂಟು ಹಾಕಿದಂತೆ ಬಿಗಿಯಾಗಿತ್ತು. ಗುರುನಾಥ ಟವೆಲಿನಿಂದ ಬೆವರು ಒರೆಸಿಕೊಂಡ; ಮುಗಿಯಿತು, ಸಂಬಂಧ ಕೈಬಿಟ್ಟು ಹೋಯಿತು ಎಂಬುದು ಅವನಿಗೆ ಖಾತ್ರಿಯಾಗಿತ್ತು. ಸರಸ್ವತಿಬಾಯಿ ಈಗ ಒಂದು ಮಾತು, ‘ತಪ್ಪಾಯ್ತು’ ಎಂದರೆ ಎಲ್ಲ ಸರಿಹೋಗಬಹುದಿತ್ತು. ಅವಳು ಗೋಡೆಯ ಹತ್ತಿರ ಹೋಗಿ ಮುದುಕಿಯ ಮುಂದೆ ಕೈ ಚಾಚಿದಳು.

“ಏಳ್ರಿ.”

“ವೈನಿ!” ಗುರುನಾಥನ ದನಿ ಸೀಳಿತು. “ಇದು ಭಾಲ್ಕಿ ಅದ ರಿ, ಅಥೆನ್ಸ್ ಅಲ್ಲ!”

“ಗೊತ್ತದ. ಅದಕ್ಕ ನಾನೇ ಕೈ ಚಾಚಬೇಕಾತು.”

ಚಂದ್ರಭಾಗಾಬಾಯಿ ಆ ಕೈಯನ್ನೇ ನೋಡುತ್ತ ಕೂತಳು. ಆಮೇಲೆ ಸಣ್ಣ ದನಿಯಲ್ಲಿ, “ನನಗ ಮೊಳಕಾಲು ಬ್ಯಾನಿ ಅದವ್ವ,” ಎಂದಳು.

“ಆ ಕರೀ ಬಟ್ಟಿಯಾಕಿಗೂ ಇತ್ತು ರಿ. ಕುಂಟಗೋತನ ಕುಣಿದ್ಲು.”

ಸೆರಗಿನೊಳಗಿಂದ ಒಣಗಿದ ಕೈಯೊಂದು ಮೆಲ್ಲಗೆ ಹೊರಬಂತು. ಸರಸ್ವತಿಬಾಯಿ ಹಿಡಿದು ಎಳೆದಳು. ಸಾನಿಕಾ ಪಕ್ಕಕ್ಕೆ ಸರಿದು ಸುತ್ತಿನಲ್ಲಿ ಇಬ್ಬರಿಗೆ ಜಾಗ ಮಾಡಿ, ತಾನೇ ಹಾಡು ಎತ್ತಿಕೊಂಡಳು. ಒಬ್ಬೊಬ್ಬರಾಗಿ ದನಿಗೂಡಿಸಿದರು. ಗಲಗಲ ಎನ್ನುವ ಅಷ್ಟೊಂದು ಬಳೆಗಳ ನಡುವೆ, ಎರಡು ಜೊತೆ ಬರಿಗೈಗಳ ಚಪ್ಪಾಳೆ ಬೇರೆಯಾಗಿಯೇ ಕೇಳಿಸುತ್ತಿತ್ತು.