ಸೆಕೆ

"ಅಕ್ಕ, ಸೆಕೆ ಆಗ್ತಿದೆ" ಎಂದು ಸಂದಾರಾ ಜಾಕೆಟ್ಟಿನ ಜಿಪ್ಪು ಎಳೆದಾಗ ತುಯಾರಾಗೆ ಖುಷಿಯೇ ಆಯಿತು. ಲೇನಾ ನದಿ ದಡದಿಂದ ದಡಕ್ಕೆ ಕಲ್ಲಾಗಿತ್ತು. ಮೈನಸ್ ನಲವತ್ತೇಳು, ಏಳನೇ ತರಗತಿಯವರೆಗೆ ರಜೆ ಎಂದು ಬೆಳಿಗ್ಗೆಯೇ ರೇಡಿಯೋದಲ್ಲಿ ಹೇಳಿದ್ದರು. ಇಂಥ ಚಳಿಯಲ್ಲಿ ತಂಗಿಗೆ ಸೆಕೆ ಹತ್ತಿದೆಯೆಂದರೆ ಮೈ ಹದಕ್ಕೆ ಬಂದಿದೆ ಎಂದೇ ಲೆಕ್ಕ.

ಶನಿವಾರ ಓಟ. ಜೋಡಿಯಾಗಿ ಓಡಬೇಕು. ಮಂಜುಗಡ್ಡೆಯ ಗೋಡೆ ಹತ್ತಿ ಇಳಿಯಬೇಕು, ಹಿಮದ ಸುರಂಗದಲ್ಲಿ ತೆವಳಬೇಕು, ದಿಮ್ಮಿ ಹೊತ್ತು ನದಿ ದಾಟಬೇಕು. ಹೋದ ವರ್ಷ ಆಚೆ ದಡದ ಹೆಂಗಸರು ನಾಲ್ಕೇ ಸೆಕೆಂಡಿನ ಅಂತರದಲ್ಲಿ ಗೆದ್ದಿದ್ದರು. "ನಿನ್ನ ತಂಗಿ ತೆವಳೋದು ನೋಡಿದ್ರೆ ಗಬ್ಬದ ಹಸು ನೆನಪಾಗತ್ತೆ" ಎಂದು ಅವರಲ್ಲೊಬ್ಬಳು ಎಲ್ಲರೆದುರು ನಕ್ಕಿದ್ದಳು. ಶಾಲೆಯಲ್ಲಿ ವ್ಯಾಯಾಮ ಕಲಿಸುವ ತುಯಾರಾಗೆ ಆ ಮಾತು ವರ್ಷವಿಡೀ ಚುಚ್ಚಿತ್ತು.

ಅದಕ್ಕೇ ಈ ದಿನ ತುಪ್ಪಳದ ಕೋಟು ಬೇಡವೆಂದು ತಂಗಿಗೆ ತೆಳು ಜಾಕೆಟ್ಟು ತೊಡಿಸಿದ್ದಳು. ಆರು ಸಲ ಸುರಂಗ ತೆವಳಿಸಿದಳು. ಬೆವರಿನಲ್ಲಿ ಒಳಂಗಿ ಪೂರ್ತಿ ನೆಂದಿತ್ತು. ಅಷ್ಟರಲ್ಲಿ ಗೋಡೆಯ ಮೆಟ್ಟಿಲುಗಳು ಮುರಿದವು. "ಅಲ್ಲೇ ನಿಂತಿರು, ಈಗ ಸರಿಮಾಡ್ತೀನಿ" ಎಂದು ತುಯಾರಾ ಕೊಡಲಿ ಎತ್ತಿದಳು. ಕೊಚ್ಚುತ್ತ ಕೊಚ್ಚುತ್ತ ಮುಕ್ಕಾಲು ಗಂಟೆ ಕಳೆದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ತಂಗಿ ಸೆಕೆ ಎಂದದ್ದು ಆಗಲೇ.

"ಈಗ ಬಂದೆ ನೋಡು ದಾರಿಗೆ! ಕೊಡು ಇಲ್ಲಿ" ಎಂದು ತುಯಾರಾ ತಾನೇ ತೋಳು ಹಿಡಿದೆಳೆದು ತಂಗಿಯ ಜಾಕೆಟ್ಟು ಬಿಚ್ಚಿದಳು. ಸಂದಾರಾ ನಗುತ್ತ ಟೋಪಿ ಕಿತ್ತೆಸೆದಳು. ಕೈಗವಸು ಬಿಸಾಡಿದಳು. ಆಮೇಲೆ ಹಿಮದ ಮೇಲೆ ಕೂತು ಬೂಟು ಕಳಚತೊಡಗಿದಳು.

"ಏಯ್, ಹುಡುಗಾಟ ಸಾಕು. ಏಳು ಮೇಲೆ!"

ಸಂದಾರಾ ಏನೋ ಅಂದಳು. ಕುಡಿದವರಂತೆ ನಾಲಗೆ ತೊದಲಿತು.

ಸ್ವಲ್ಪ ದೂರದಲ್ಲಿ ಮಂಜುಗಡ್ಡೆ ಕೊರೆದು ಬಲೆ ಎಳೆಯುತ್ತಿದ್ದ ಮುದುಕ ಪ್ರೊಕೋಪಿ ಬಲೆಯನ್ನು ಅಲ್ಲೇ ಬಿಟ್ಟು ಓಡಿಬಂದ. ಅವನು ಓಡಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

"ಏನ್ ನೋಡ್ತಾ ನಿಂತಿದ್ದೀಯೇ? ಅವಳಿಗೆ ಸೆಕೆ ಅಲ್ಲ ಕಣೇ, ಸಾಯ್ತಿದ್ದಾಳೆ! ಮೈ ಹೆಪ್ಪುಗಟ್ಟೋ ಹೊತ್ತಲ್ಲಿ ಉರಿ ಉರಿ ಅನ್ಸತ್ತೆ. ಕಾಡಲ್ಲಿ ನನ್ನ ತಮ್ಮ ಸಿಕ್ಕಿದ್ದೂ ಹೀಗೇ, ಮೈಮೇಲೆ ನೂಲಿರಲಿಲ್ಲ!"

ತುಯಾರಾ ತಂಗಿಯ ಕೆನ್ನೆ ಮುಟ್ಟಿದಳು. ಮೇಣದ ಹಾಗಿತ್ತು. ಕೈಯಲ್ಲಿ ಆ ಜಾಕೆಟ್ಟು, ಅದನ್ನು ಏನು ಮಾಡಬೇಕೆಂದೇ ತೋಚದೆ ಅವಳು ಕಂಬದಂತೆ ನಿಂತುಬಿಟ್ಟಳು. ಪ್ರೊಕೋಪಿ ಬೈದು ಅವಳನ್ನು ಅಲುಗಾಡಿಸಬೇಕಾಯಿತು. ಇಬ್ಬರೂ ಸಂದಾರಾಳನ್ನು ಅವನ ವ್ಯಾನಿಗೆ ಹೊತ್ತರು. "ಉಜ್ಜಬೇಡ! ಒದ್ದೆ ಬಟ್ಟೆ ತೆಗಿ, ನಿನ್ನ ಮೈಗೆ ಅಪ್ಕೋ" ಎಂದು ಮುದುಕ ಗಾಡಿ ಓಡಿಸುತ್ತಲೇ ಕೂಗಿದ. ತುಯಾರಾ ತನ್ನ ಕೋಟಿನೊಳಗೆ ತಂಗಿಯನ್ನು ಸೇರಿಸಿಕೊಂಡಳು. ಎದೆಗೆ ಹಿಮದ ಗಡ್ಡೆ ಒತ್ತಿಕೊಂಡಂತಾಯಿತು. ಸಂದಾರಾ ನಡುಗುತ್ತಲೂ ಇರಲಿಲ್ಲ. ಆಸ್ಪತ್ರೆ ಹತ್ತಿರವಾದಾಗ ಒಮ್ಮೆ ಮೈ ಜೋರಾಗಿ ನಡುಗಿತು. "ಹಾಂ, ನಡುಗಲಿ, ನಡುಗಲಿ" ಎಂದು ಪ್ರೊಕೋಪಿ ಅತ್ತೇಬಿಟ್ಟ.

ಸಂಜೆಗೆ ಜೀವಕ್ಕೆ ಭಯವಿಲ್ಲ ಎಂದರು. ಬಲಗಾಲಿನ ಎರಡು ಬೆರಳು ಉಳಿಯುವುದು ಅನುಮಾನ.

ಡಾಕ್ಟರಮ್ಮ ಕಾಗದದಲ್ಲಿ ಬರೆದುಕೊಳ್ಳುತ್ತ ಕೇಳಿದಳು: "ಅಷ್ಟು ಹೊತ್ತು ನಿಂತಿದ್ಲು ಅಂತೀರಿ. ಚಳಿ ಆಗ್ತಿದೆ ಅಂತ ಒಂದು ಸಲಾನೂ ಹೇಳಲಿಲ್ವಾ?"

"ಇಲ್ಲ" ಎಂದಳು ತುಯಾರಾ. "ಹೇಳಿದ್ರೆ ನಾನು ಬಿಡ್ತಿದ್ನಾ? ಒಂದು ಸಲಾನೂ ಹೇಳಲಿಲ್ಲ."

ಹಾಸಿಗೆಯಲ್ಲಿ ಸಂದಾರಾ ಕಣ್ಣು ತೆರೆದಳು. ಸಿಟ್ಟಿರಲಿಲ್ಲ, ಯಾರೋ ವಯಸ್ಸು ಕೇಳಿದಾಗ ಹೇಳುವಷ್ಟೇ ಸಾದಾ ದನಿ.

"ಮೂರು ಸಲ ಹೇಳ್ದೆ, ಅಕ್ಕ."